ಮಲ್ಲಿಗೆಯ ಹಿಂದೆ ಒಂದಿಷ್ಟು ಪೀಚ್: ದಿನಬಳಕೆಯ ಸೆಂಟನ್ನು ಮನೆಯಲ್ಲಿ ಬೆರೆಸಿದ ನನ್ನ ಅನುಭವ

ಪ್ರೌಢಶಾಲೆಯಲ್ಲಿ ಪಾಠ ಮಾಡುವ ನನಗೆ ಬೇಕಾಗಿದ್ದುದು ಮೊದಲ ಬೆಂಚಿನವರೆಗೂ ಹರಡದ, ಕೈ ಮೂಗಿನ ಬಳಿ ಬಂದಾಗ ಮಾತ್ರ ತಿಳಿಯುವ ಹೂವು ಹಣ್ಣುಗಳ ಪರಿಮಳ. ನನ್ನ ಕೈಗೆಟುಕುವ ಬೆಲೆಯಲ್ಲಿ ಸಿಕ್ಕ ಸೆಂಟುಗಳಲ್ಲೆಲ್ಲ ಹಣ್ಣಿನ ಸಿಹಿಯೇ ಮುಂದಾಗಿತ್ತು. ಆದ್ದರಿಂದ ಸುಗಂಧ ರಾಸಾಯನಿಕಗಳನ್ನು ಸ್ವಲ್ಪ ಸ್ವಲ್ಪವಾಗಿ ಮಾರುವವರಿಂದ ತರಿಸಿಕೊಂಡು, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿಯನ್ನು ಮುಂದಿಟ್ಟುಕೊಂಡು ನಾನೇ ಬೆರೆಸಲು ತೊಡಗಿದೆ.

ಮಲ್ಲಿಗೆಯಿಂದಲೇ ತೆಗೆದ ಸಾರ ನನ್ನ ಶಕ್ತಿಗೆ ಮೀರಿದ್ದು. ಆದರೆ ಮಲ್ಲಿಗೆಯ ಪರಿಮಳದಲ್ಲಿ ದೊಡ್ಡ ಪಾಲು ಬೆಂಜೈಲ್ ಅಸಿಟೇಟ್‌ನದು, ಅದು ಅಗ್ಗ. ಅದರ ಜೊತೆಗೆ ಗಾಳಿಯಾಡಿದಂಥ ಹಗುರವನ್ನು ಕೊಡುವುದು ಹೆಡಿಯೋನ್, 1966ರಲ್ಲಿ ಡಿಯೋರ್ ಕಂಪನಿಯ ಓ ಸೊವಾಜ್ ಎಂಬ ಸೆಂಟಿನಿಂದ ಹೆಸರಾದ ವಸ್ತು. ಅರಳಿದ ಮಲ್ಲಿಗೆಗೆ ಮತ್ತೇರಿಸುವ ಭಾರವನ್ನು ತರುವ ಇಂಡೋಲನ್ನು ಬೇಕೆಂದೇ ಬಿಟ್ಟೆ. ರಾತ್ರಿ ಮುಡಿದ ದಂಡೆಗೆ ಅದು ಶೋಭೆ, ಬೆಳಗಿನ ತರಗತಿಗೆ ಹೆಚ್ಚಾಗುತ್ತದೆ.

ಕಿತ್ತಳೆ ಸಿಪ್ಪೆಯಿಂದ ಎಣ್ಣೆ ಹಿಂಡುವಂತೆ ಪೀಚ್, ಮರಸೇಬುಗಳಿಂದ ಹಿಂಡಲು ಬರುವುದಿಲ್ಲ. ಮರಸೇಬಿಗೆ ಹೆಕ್ಸೈಲ್ ಅಸಿಟೇಟ್, ಪೀಚ್‌ಗೆ ಗಾಮಾ ಅಂಡೆಕಾಲ್ಯಾಕ್ಟೋನ್ ಬಳಸಿದೆ. ಎರಡನೆಯದಕ್ಕೆ ವ್ಯಾಪಾರದ ಹೆಸರು ಆಲ್ಡಿಹೈಡ್ ಸಿ-14. ಅದು ಆಲ್ಡಿಹೈಡೂ ಅಲ್ಲ, ಅದರಲ್ಲಿರುವ ಇಂಗಾಲದ ಪರಮಾಣುಗಳೂ ಹೆಸರು ಸೂಚಿಸುವಂತೆ 14 ಅಲ್ಲ, 11 ಮಾತ್ರ. ಮೊದಲ ಸಲ ಅದನ್ನು ಹಾಗೆಯೇ 0.10 ಗ್ರಾಂ ಹಾಕಿದೆ. ಮಲ್ಲಿಗೆ ಮುಳುಗಿಹೋಯಿತು, ಅದ್ದಿದ ಕಾಗದದ ಪಟ್ಟಿ ಮರುದಿನವೂ ಹಣ್ಣಿನ ಜಾಮ್‌ನಂತೆ ಘಮಾಡಿಸುತ್ತಿತ್ತು. ಅದರ ಹತ್ತನೆಯ ಒಂದು ಪಾಲು ಸಾಕಾಗಿತ್ತು, ಆದರೆ ಅಷ್ಟು ಕಡಿಮೆಯನ್ನು ನನ್ನ ತಕ್ಕಡಿ ನಂಬುವಂತೆ ತೂಗದು. ಹೀಗಾಗಿ ಹಣ್ಣಿನ ಎರಡನ್ನೂ ಮೊದಲು ಶೇ. 10ರಷ್ಟಕ್ಕೆ ತೆಳುಗೊಳಿಸಿಕೊಂಡೆ.

ಅಲ್ಲಿಯೂ ಒಂದು ತಪ್ಪಾಯಿತು. ತೆಳುಗೊಳಿಸಲು ಬಳಸಿದ ಡೈಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ, ಸೆಂಟಿಗೆ ಆಧಾರವಾದ ಎಣ್ಣೆಯಲ್ಲಿ ಬೆರೆಯುವುದಿಲ್ಲವೆಂದು ನನಗೆ ತಿಳಿದಿರಲಿಲ್ಲ, ಸೀಸೆ ಮಜ್ಜಿಗೆ ನೀರಿನಂತೆ ಮಬ್ಬಾಯಿತು. ಎಣ್ಣೆಯಲ್ಲಿ ಬೆರೆಯುವ ಐಸೊಪ್ರೊಪೈಲ್ ಮಿರಿಸ್ಟೇಟ್‌ಗೆ ಬದಲಿಸಿದ ಮೇಲೆ ತಿಳಿಯಾಯಿತು. ಮನೆಯ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಕೊಬ್ಬರಿ ಎಣ್ಣೆಯಂಥವುಗಳ ಒಂದು ಭಾಗದಿಂದ ಮಾಡಿದ, ಚಳಿಯಲ್ಲೂ ದ್ರವವಾಗಿರುವ ಎಂಸಿಟಿ ಎಣ್ಣೆಯನ್ನೇ ಆಧಾರವಾಗಿಟ್ಟುಕೊಂಡೆ.

ಕೊನೆಗೆ ನಿಂತ ಅಳತೆ ಇದು: ಹೆಡಿಯೋನ್ 0.40 ಗ್ರಾಂ, ಗುಲಾಬಿಯ ಛಾಯೆಗೆ ಫಿನೈಲ್ ಈಥೈಲ್ ಆಲ್ಕೊಹಾಲ್ 0.15, ಬೆಂಜೈಲ್ ಅಸಿಟೇಟ್ 0.10, ಹಗುರ ಹೂವಿನ ವಾಸನೆಯ ಲಿನಲೂಲ್ 0.05, ಬಹಳ ಹೊತ್ತು ನಿಲ್ಲುವ ಕಸ್ತೂರಿಯ ಗಂಧಕ್ಕೆ ಶೇ. 50ರ ಗ್ಯಾಲಕ್ಸೊಲೈಡ್ 0.20, ತೆಳುಗೊಳಿಸಿದ ಪೀಚ್ ಮತ್ತು ಮರಸೇಬು ತಲಾ 0.10, ಉಳಿದ 8.90 ಗ್ರಾಂ ಎಣ್ಣೆ. ಹತ್ತು ಗ್ರಾಂ ತುಂಬಿದ ರೋಲ್-ಆನ್ ಸೀಸೆಯ ಬೆಲೆ, ಒಳಗಿನ ಪರಿಮಳಕ್ಕೆ ತಗಲಿದ್ದಕ್ಕಿಂತ ಹೆಚ್ಚಾಯಿತು.

ಎರಡು ವಾರ ಕತ್ತಲೆಯಲ್ಲಿಟ್ಟ ಮೇಲೆ ಮರಸೇಬಿನ ಚುರುಕು ತಗ್ಗಿ ಹೂವಿನೊಡನೆ ಕೂಡಿಕೊಂಡಿತು. ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ಕಾದು, ಚರ್ಮ ಕೆಂಪಾಗದ್ದನ್ನು ನೋಡಿಯೇ ಬಳಸತೊಡಗಿದೆ. ಈಗ ಸ್ನಾನವಾದ ಮೇಲೆ ಎರಡು ಮಣಿಕಟ್ಟಿಗೂ ಒಂದೊಂದು ಎಳೆ ಹಚ್ಚುತ್ತೇನೆ. ಅರ್ಧ ಗಂಟೆಯಲ್ಲಿ ನನ್ನ ಮೂಗು ಅದಕ್ಕೆ ಒಗ್ಗಿ ವಾಸನೆ ಹೋಯಿತೆಂದು ಅನ್ನಿಸಿದರೂ ಮತ್ತೆ ಹಚ್ಚುವುದಿಲ್ಲ. ಮಧ್ಯಾಹ್ನ ಊಟಕ್ಕೆ ಪಕ್ಕದಲ್ಲಿ ಕೂರುವ ಸಹೋದ್ಯೋಗಿಯನ್ನು ಕೇಳಿದರೆ ಇನ್ನೂ ಇದೆ ಎನ್ನುತ್ತಾರೆ. ಗಾಳಿ ತಗುಲಿದ ಲಿನಲೂಲ್ ಚರ್ಮಕ್ಕೆ ಅಲರ್ಜಿ ತರಬಲ್ಲದಾದ್ದರಿಂದ ಅದರ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದೇನೆ, ತೆರೆದ ದಿನಾಂಕವನ್ನು ಮೇಲೆ ಬರೆದು.