ಬಳ್ಳಾರಿ ಬಿಸಿಲಲ್ಲಿ ಆರ್‌ಓಜಿ ಫೋನ್ 5 ಮತ್ತು ಗ್ಯಾಲಕ್ಸಿ ಎಸ್23: ನನ್ನ ಅನುಭವ

ಎಕ್ಸ್ ಮೋಡ್ (ಫೋನಿನ ಪೂರ್ತಿ ಶಕ್ತಿ ಬಿಡುವ ಗೇಮಿಂಗ್ ಸೆಟ್ಟಿಂಗ್) ಆಫ್ ಮಾಡಿ, ಪ್ರೊಸೆಸರ್ ವೇಗಕ್ಕೆ ಕಡಿವಾಣ ಹಾಕಿದರೆ ಏಸುಸ್‌ನ ಗೇಮಿಂಗ್ ಫೋನಾದ ಆರ್‌ಓಜಿ ಫೋನ್ 5 ಬಳ್ಳಾರಿಯ ಏಪ್ರಿಲ್ ತಿಂಗಳಲ್ಲೂ ಮೂರು ಗಂಟೆಯ ಸ್ಕ್ರಿಮ್ಸ್ (ತಂಡಗಳ ಅಭ್ಯಾಸ ಪಂದ್ಯ) ಅನ್ನು ಸೆಕೆಂಡಿಗೆ 60 ಫ್ರೇಮಿನಲ್ಲೇ ಮುಗಿಸುತ್ತದೆ. ಇದನ್ನು ಹೇಳಿದಾಗ ನಮ್ಮ ಸ್ಕ್ವಾಡ್‌ನಲ್ಲಿ ಒಬ್ಬರೂ ನಂಬಲಿಲ್ಲ. "ಅಣ್ಣಾ, ಎಕ್ಸ್ ಮೋಡ್ ಬ್ಯಾಡ ಅಂದ್ರ ಗೇಮಿಂಗ್ ಫೋನ್ ಯಾಕ ಇಟ್ಕೊಂಡೀರಿ? ಮಾರಿ ಹೊಸದು ತಗೋರಿ" ಅಂದವರೇ ಎಲ್ಲರೂ. ರಿಪೇರಿ ಅಂಗಡಿಯವನಂತೂ ಇದರೊಳಗಿರುವುದು ಸ್ನ್ಯಾಪ್‌ಡ್ರ್ಯಾಗನ್ 888 ಚಿಪ್ ಅಂದ ಕೂಡಲೇ ಕೈ ಮುಗಿದ. ಈಗ ಅದೇ ಹುಡುಗರು ಸೆಟ್ಟಿಂಗ್ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದರ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನನ್ನ ಹತ್ತಿರ ಎರಡೂ ಇವೆ. ಆರ್‌ಓಜಿ ಫೋನ್ 5, 2021ರ ಮಾರ್ಚ್‌ನಲ್ಲಿ ಬಂದದ್ದು. 8 ಜಿಬಿ ರ‍್ಯಾಮಿನ ಮಾಡೆಲ್‌ಗೆ ಆಗ 49,999 ರೂಪಾಯಿ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ, ಚೌಕಾಸಿ ಮಾಡಿ ಹತ್ತೊಂಬತ್ತು ಸಾವಿರದ ಆಸುಪಾಸಿಗೆ. ಸ್ಯಾಮ್‌ಸಂಗ್‌ನ ಎಸ್23 2023ರ ಫೆಬ್ರವರಿಯಲ್ಲಿ 74,999ಕ್ಕೆ ಬಿಡುಗಡೆಯಾದ ಫೋನು. 2024ರ ದಸರಾ ಸೇಲ್‌ನಲ್ಲಿ ಕಾರ್ಡ್ ಆಫರ್ ಸೇರಿ ನನಗೆ ಮೂವತ್ತೆಂಟು ಸಾವಿರಕ್ಕೆ ಬಿತ್ತು. ಹಳೆಯದನ್ನು ಮಾರಿಬಿಡಬೇಕು ಅಂತಲೇ ಹೊಸದನ್ನು ತಂದಿದ್ದೆ. ಮಾರುವ ಮೊದಲು ಎರಡನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರಿಂದ ಕಥೆ ಬೇರೆಯಾಯಿತು.

ಬೆಂಚ್‌ಮಾರ್ಕ್ ವಿಷಯ ಬೇಗ ಮುಗಿಸುತ್ತೇನೆ. ಗ್ರಾಫಿಕ್ಸ್ ಶಕ್ತಿ ಅಳೆಯುವ 3ಡಿಮಾರ್ಕ್ ವೈಲ್ಡ್ ಲೈಫ್ ಎಕ್ಸ್‌ಟ್ರೀಮ್ ಸ್ಟ್ರೆಸ್ ಟೆಸ್ಟ್ ಇಪ್ಪತ್ತು ಸುತ್ತು ಓಡಿಸಿದರೆ ಎಸ್23 ಮೊದಲ ಸುತ್ತಿನಲ್ಲಿ 3,700ರ ಹತ್ತಿರ ಕೊಡುತ್ತದೆ, ಕೊನೆಗೆ ಕಾದು ಕಾದು 2,200ಕ್ಕೆ ಇಳಿಯುತ್ತದೆ. ಆರ್‌ಓಜಿ ತನ್ನ ಅತ್ಯುತ್ತಮ ಸುತ್ತಿನಲ್ಲೇ 1,500ರ ಸುತ್ತಮುತ್ತ. ಅಂದರೆ ಹೊಸದು ಸುಸ್ತಾದಾಗಲೂ ಹಳೆಯದರ ತಾಜಾ ಸ್ಥಿತಿಗಿಂತ ಮುಂದೆಯೇ ಇದೆ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ಸ್ನ್ಯಾಪ್‌ಡ್ರ್ಯಾಗನ್ 888 ಸ್ಯಾಮ್‌ಸಂಗ್‌ನ 5 ನ್ಯಾನೋಮೀಟರಿನಲ್ಲಿ ಬಂದದ್ದು, ಎಸ್23ರ ಚಿಪ್ 8 ಜೆನ್ 2 ಟಿಎಸ್‌ಎಂಸಿಯ 4ರಲ್ಲಿ. ಎರಡನೆಯದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಆದರೆ ನಾನು ಆಡುವುದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಸ್ಮೂತ್ ಮತ್ತು ಎಕ್ಸ್‌ಟ್ರೀಮ್ ಸೆಟ್ಟಿಂಗ್, 60 ಫ್ರೇಮ್. ಆ ಸೆಟ್ಟಿಂಗ್‌ನಲ್ಲಿ ಆಟ ಕೇಳುವುದೇ ಅಷ್ಟು. 3,700 ಇದ್ದರೂ 1,500 ಇದ್ದರೂ 60 ಬಂದರೆ ಸಾಕು. ನನ್ನ ಪ್ರಶ್ನೆ ಒಂದೇ: ನಾಲ್ಕನೇ ಮ್ಯಾಚ್‌ನ ಕೊನೇ ಜೋನ್‌ನಲ್ಲಿ, ಸುತ್ತ ಸ್ಮೋಕ್ ಬಿದ್ದಿರುವಾಗ, ರೂಮಿನ ಶಾಖ 38 ಇರುವಾಗ, ಆ 60 ಉಳಿದಿರುತ್ತದಾ? ನೋಡುವವರೆಲ್ಲ ಮೊದಲ ಹತ್ತು ನಿಮಿಷ ನೋಡಿ ಎದ್ದು ಹೋಗುತ್ತಾರೆ. ನನಗೆ ಮುಖ್ಯವಾದದ್ದು ನಲವತ್ತನೇ ನಿಮಿಷದ ನಂತರದ ಅಳತೆ.

ಫ್ರೇಮ್ ಅಳತೆಗೆ ಪರ್ಫ್‌ಡಾಗ್ ಅನ್ನುವ ಸಾಫ್ಟ್‌ವೇರ್, ಹಿಂಬದಿಯ ಶಾಖಕ್ಕೆ ಒಂಬೈನೂರು ರೂಪಾಯಿಯ ಇನ್‌ಫ್ರಾರೆಡ್ ಗನ್, ಕರೆಂಟಿಗೆ ಒಂದು ಯುಎಸ್‌ಬಿ ಮೀಟರ್. ಎರಡೂ ಫೋನು ಒಂದೇ ವೈಫೈನಲ್ಲಿ, ಸಿಮ್ ತೆಗೆದು, ಬ್ರೈಟ್‌ನೆಸ್ ಕಣ್ಣಳತೆಯಲ್ಲಿ ಸಮ ಮಾಡಿ. ಏಸಿ ಇಲ್ಲ, ಸೀಲಿಂಗ್ ಫ್ಯಾನ್ ಮಾತ್ರ. ಏರ್‌ಟ್ರಿಗರ್ (ಆರ್‌ಓಜಿಯ ಅಂಚಿನಲ್ಲಿರುವ ಟಚ್ ಬಟನ್) ಬಳಸಿಲ್ಲ, ನಮ್ಮ ಊರಿನ ಟೂರ್ನಿಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಮೊದಲ ಅಳತೆಯಲ್ಲಿ ಹಳೆಯದು ನೆಲಕಚ್ಚಿತು. ಎಕ್ಸ್ ಮೋಡ್ ಆನ್, ಎಲ್ಲರೂ ಹೇಳುವ ಹಾಗೆ. ಇಪ್ಪತ್ತೈದು ನಿಮಿಷಕ್ಕೆ ಫ್ರೇಮ್ ನಲವತ್ತರ ಆಸುಪಾಸಿಗೆ ಬಂತು, ಹಿಂಬದಿ 48 ಡಿಗ್ರಿ, ಬ್ಯಾಟರಿ ಗಂಟೆಗೆ ಮೂವತ್ತು ಪರ್ಸೆಂಟಿಗೂ ಹೆಚ್ಚು ಖಾಲಿ. ಎಸ್23 ಅದೇ ಹೊತ್ತಿಗೆ 59-60ರಲ್ಲಿ ಆರಾಮಾಗಿ ನಿಂತಿತ್ತು. ಹುಡುಗರು ನಕ್ಕರು. ಆದರೆ ನನಗೆ ಎಸ್23 ಕಡೆಯಿಂದಲೂ ಒಂದು ವಿಷಯ ಕಣ್ಣಿಗೆ ಬಿತ್ತು: ಫ್ರೇಮ್ ಬೀಳಲಿಲ್ಲ ನಿಜ, ಎರಡನೇ ಮ್ಯಾಚ್‌ನ ಮಧ್ಯದಲ್ಲಿ ಸ್ಕ್ರೀನ್ ತಾನಾಗಿ ಮಂದವಾಯಿತು. ಬಿಸಿಯಾದರೆ ಫೋನು ಮೊದಲು ಬೆಳಕನ್ನು ಕಡಿಮೆ ಮಾಡುತ್ತದೆ. ಎರಾಂಗೆಲ್ ಮ್ಯಾಪಿನಲ್ಲಿ ಮರದ ನೆರಳಲ್ಲಿ ಮಲಗಿರುವವನು ಕಾಣದಿದ್ದರೆ 60 ಫ್ರೇಮ್ ಇದ್ದೂ ಏನು ಪ್ರಯೋಜನ? ಫ್ರೇಮ್ ಗ್ರಾಫಿನಲ್ಲಿ ಇದು ಕಾಣುವುದಿಲ್ಲ, ಆಡುವವನಿಗೇ ಗೊತ್ತಾಗಬೇಕು.

ಅಲ್ಲಿಂದ ಹಳೆಯದರ ರಿಪೇರಿ ಹಿಡಿದೆ. ಹೆಚ್ಚು ದುಡ್ಡು ತಿಂದದ್ದು ಬ್ಯಾಟರಿ. ಹಿಂದಿನ ಮಾಲೀಕ ಚೆನ್ನಾಗಿ ದುಡಿಸಿದ್ದ. ಈ ಫೋನಿನಲ್ಲಿ 3,000 ಎಂಎಎಚ್‌ನ ಎರಡು ಸೆಲ್, ನಡುವೆ ಬೋರ್ಡ್. ಚಿಪ್ಪು ಮಧ್ಯದಲ್ಲಿರುವುದರಿಂದ ಅಡ್ಡ ಹಿಡಿದಾಗ ಬೆರಳಿಗೆ ಬಿಸಿ ತಾಗುವುದು ಕಡಿಮೆ, ಅದು ಒಳ್ಳೆಯ ವಿನ್ಯಾಸ. ಆದರೆ ಎರಡೂ ಸೆಲ್ ಒಟ್ಟಿಗೇ ಬದಲಾಯಿಸಬೇಕು. ಆನ್‌ಲೈನ್‌ನಲ್ಲಿ ಒಬ್ಬರಿಂದ ಸಾವಿರದ ನಾನೂರಕ್ಕೆ ಜೋಡಿ ತರಿಸಿದೆ. ಮೇಲೆ 6,000 ಅಂತಲೇ ಮುದ್ರೆ. ಪೂರ್ತಿ ಖಾಲಿ ಮಾಡಿ ಮೀಟರ್ ಮೂಲಕ ಚಾರ್ಜ್ ಹಾಕಿದರೆ ಇಪ್ಪತ್ಮೂರು ವ್ಯಾಟ್ ಅವರ್ ಹಿಡಿಯಬೇಕಾದದ್ದು ಹದಿನೈದಕ್ಕೇ ನೂರು ಪರ್ಸೆಂಟ್ ತೋರಿಸಿತು. ವಾಪಸ್ ತಗೊಳ್ಳಲಿಲ್ಲ, ಆ ದುಡ್ಡು ಹೋಯಿತು. ಕೊನೆಗೆ ಡಿಸ್‌ಪ್ಲೇ ಒಡೆದು ಸತ್ತ ಒಂದು ಆರ್‌ಓಜಿಯಿಂದ ಬಿಚ್ಚಿದ ಜೋಡಿ ಎರಡೂವರೆ ಸಾವಿರಕ್ಕೆ ಸಿಕ್ಕಿತು. ಅದು ಮೀಟರಿನಲ್ಲಿ ಇಪ್ಪತ್ತೊಂದರ ಹತ್ತಿರ ತೋರಿಸಿದಾಗ ಸಮಾಧಾನವಾಯಿತು. ಹಳೆ ಫೋನಿಗೆ ಬ್ಯಾಟರಿ ಹಾಕಿಸುವವರು ದಯವಿಟ್ಟು ಸ್ಟಿಕ್ಕರ್ ಓದಬೇಡಿ, ಮೀಟರ್ ಓದಿ.

ಬಿಚ್ಚಿದ್ದೇ ಆಯಿತಲ್ಲ ಅಂತ ಚಿಪ್ಪಿನ ಬಿಸಿ ದಾಟಿಸುವ ಥರ್ಮಲ್ ಪೇಸ್ಟನ್ನೂ ಬದಲಿಸಿದೆ. ಒಳಗಿದ್ದದ್ದು ಒಣಗಿ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಚಿಪ್ಪಿನ ಲೋಹದ ಶೀಲ್ಡಿನ ಮೇಲೆ 1 ಎಂಎಂ ಥರ್ಮಲ್ ಪ್ಯಾಡ್ ಇಟ್ಟೆ. ಹಿಂಬದಿ ಗಾಜು ಒಂದು ಮೂಲೆಯಲ್ಲಿ ಕೂರಲೇ ಇಲ್ಲ, ಉಗುರು ತೂರುವಷ್ಟು ಸಂದು. 0.5ಕ್ಕೆ ಇಳಿಸಿದಾಗ ಗಾಜೂ ಕೂತಿತು, ಶಾಖವೂ ಹಿಂಬದಿಗೆ ಸರಿಯಾಗಿ ದಾಟಿತು. ಮುಟ್ಟಿದರೆ ಹಿಂಬದಿ ಮೊದಲಿಗಿಂತ ಬೇಗ ಬೆಚ್ಚಗಾಗುತ್ತದೆ, ಅದೇ ಬೇಕಾದದ್ದು. ಒಳಗೆ ಕೂತ ಬಿಸಿ ಹೊರಗೆ ಬಂದರೆ ತಾನೇ ಫ್ಯಾನ್ ಗಾಳಿ ಒಯ್ಯುವುದು.

ಇಷ್ಟಾದರೂ ಎಕ್ಸ್ ಮೋಡ್‌ನಲ್ಲಿ ಮೂವತ್ತೈದು ನಿಮಿಷಕ್ಕೆ ಮತ್ತೆ ಅದೇ ಕಥೆ. ಹತ್ತು ನಿಮಿಷ ಗಳಿಸಿದ್ದಕ್ಕೆ ನಾಲ್ಕು ಸಾವಿರಕ್ಕೂ ಮೇಲೆ ಖರ್ಚು. ಆರ್‌ಓಜಿಗೆ ಸಿಕ್ಕಿಸುವ ಏರೋಆ್ಯಕ್ಟಿವ್ ಕೂಲರ್ 5 ಅನ್ನು ಸೆಕೆಂಡ್ ಹ್ಯಾಂಡ್ ಆಗಿ ಸಾವಿರದ ಎಂಟುನೂರಕ್ಕೆ ತಂದೆ. ಅದು ಬರೀ ಫ್ಯಾನು. 38 ಡಿಗ್ರಿಯ ಗಾಳಿಯನ್ನೇ ತಿರುಗಿ ಊದಿದರೆ ಎಷ್ಟು ತಣ್ಣಗಾದೀತು? ಎರಡು ಡಿಗ್ರಿ ಇಳಿಯಿತು ಅಷ್ಟೆ.

ಆಗ ಹೊಳೆದದ್ದು ಉಲ್ಟಾ ದಾರಿ. 888ರಲ್ಲಿ ಕರೆಂಟು ಕುಡಿಯುವವನು 2.84 ಗಿಗಾಹರ್ಟ್ಜ್‌ನ ಆ ಒಂದು ಎಕ್ಸ್1 ಕೋರ್. ಬಿಜಿಎಂಐಗೆ ಅಷ್ಟು ವೇಗ ಬೇಕೇ ಇಲ್ಲ, ಆದರೆ ಎಕ್ಸ್ ಮೋಡ್ ಅವನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಎಕ್ಸ್ ಮೋಡ್ ಆಫ್ ಮಾಡಿ, ಫೋನಿನ ಗೇಮಿಂಗ್ ಆ್ಯಪ್ ಆರ್ಮರಿ ಕ್ರೇಟ್‌ನ ಹಾರ್ಡ್‌ಕೋರ್ ಟ್ಯೂನಿಂಗ್‌ಗೆ ಹೋಗಿ, ಆ ಒಂದು ಆಟಕ್ಕೆ ಮಾತ್ರ ಈ ಎಕ್ಸ್1, ಅಂದರೆ ಪ್ರೈಮ್ ಕೋರ್‌ನ ವೇಗದ ಮಿತಿ ಇಳಿಸಿದೆ. ಮೊದಲು ತೀರಾ ಇಳಿಸಿದಾಗ ವಿಮಾನದಿಂದ ಹಾರುವಾಗ ತೊದಲಿತು, ಆಟದ ಪೊಚಿಂಕಿ ಊರಿನಲ್ಲಿ ಗ್ರೆನೇಡ್ ಬಿದ್ದಾಗ ಐವತ್ತಕ್ಕೆ ಬಂತು. ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದೆ. ಗ್ರಾಫಿಕ್ಸ್ ಮಿತಿಯನ್ನೂ ಒಂದು ಮೆಟ್ಟಿಲು ಇಳಿಸಿದೆ. ಡಿಸ್‌ಪ್ಲೇಯ ರಿಫ್ರೆಶ್ ರೇಟ್ 144 ಹರ್ಟ್ಜ್‌ನಿಂದ 60ಕ್ಕೆ. ಬೆರಳಿನ ಸ್ಪರ್ಶ ಓದುವ ಟಚ್ ಸ್ಯಾಂಪ್ಲಿಂಗ್ 300 ಹಾಗೇ ಇರುತ್ತದೆ, ಕೈಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಕೊನೆಗೆ ಎಲ್ಲಿ ನಿಲ್ಲಿಸಿದೆ ಅನ್ನುವ ಅಂಕೆ ಬರೆಯುವುದಿಲ್ಲ. ನಮ್ಮ ಸ್ಕ್ವಾಡ್‌ಗೇ ಅದು ಬೇಕು, ಮುಂದಿನ ಟೂರ್ನಿ ಹತ್ತಿರದಲ್ಲಿದೆ. ಮಧ್ಯಮ ವೇಗದ ಮೂರು ಕೋರ್‌ಗಳನ್ನು ಮುಟ್ಟಬೇಡಿ ಅಂತ ಮಾತ್ರ ಹೇಳುತ್ತೇನೆ, ಆಟ ಓಡುವುದು ಅವುಗಳ ಮೇಲೆ.

ಫಲಿತಾಂಶ: ಅದೇ ರೂಮು, ಅದೇ ಮಧ್ಯಾಹ್ನದ ಹೊತ್ತು, 58-60 ಫ್ರೇಮ್, ಹಿಂಬದಿ 42-43, ಬ್ಯಾಟರಿ ಗಂಟೆಗೆ ಇಪ್ಪತ್ತರ ಹತ್ತಿರ. ಸ್ಕ್ರೀನ್ ಮಂದವಾಗಲಿಲ್ಲ. ಮೂರನೇ ಗಂಟೆಯಲ್ಲೂ ಇಲ್ಲ. ನಗುತ್ತಿದ್ದವನೊಬ್ಬ ಪರ್ಫ್‌ಡಾಗ್ ಗೆರೆ ನೋಡಿ "ಅಣ್ಣಾ, ಇದು ನಿಮ್ಮ ಹಳೇ ಫೋನಿಂದಾ?" ಅಂತ ಎರಡೆರಡು ಸಲ ಕೇಳಿದ.

ಇದಕ್ಕೆ ಬೈಪಾಸ್ ಚಾರ್ಜಿಂಗ್ ಸೇರಿಸಿದರೆ ಬ್ಯಾಟರಿಯ ಚಿಂತೆಯೇ ಇಲ್ಲ. ಚಾರ್ಜರ್ ಕರೆಂಟು ನೇರ ಫೋನಿಗೆ, ಬ್ಯಾಟರಿ ಸುಮ್ಮನಿರುತ್ತದೆ. ಆರ್‌ಓಜಿಯ ಎಡಬದಿಯ ಟೈಪ್ ಸಿ ಇದಕ್ಕೆಂದೇ ಮಾಡಿದ ಹಾಗಿದೆ, ಅಡ್ಡ ಹಿಡಿದರೆ ವೈರು ಎರಡು ಕೈಗಳ ನಡುವೆ ಕೆಳಗೆ ಇಳಿದು ಹೋಗುತ್ತದೆ. ಎಸ್23ರಲ್ಲೂ ಈ ಸೌಲಭ್ಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ: ಗೇಮ್ ಬೂಸ್ಟರ್‌ನಲ್ಲಿ 'ಪಾಝ್ (Pause) ಯುಎಸ್‌ಬಿ ಪವರ್ ಡೆಲಿವರಿ'. ಪಿಪಿಎಸ್ (ವೋಲ್ಟೇಜನ್ನು ಬೇಕಾದಂತೆ ಹೊಂದಿಸುವ ವ್ಯವಸ್ಥೆ) ಇರುವ ಚಾರ್ಜರ್ ಬೇಕು, ಬ್ಯಾಟರಿ 20 ಪರ್ಸೆಂಟಿಗಿಂತ ಮೇಲಿರಬೇಕು, ಇಲ್ಲದಿದ್ದರೆ ಆಯ್ಕೆಯೇ ಬರುವುದಿಲ್ಲ. ಬಾಕ್ಸಿನಲ್ಲಿ ಚಾರ್ಜರ್ ಕೊಡುವುದಿಲ್ಲವಲ್ಲ, ಅದಕ್ಕೆ ಸಾವಿರದ ಮುನ್ನೂರು ಬೇರೆ. ಇದನ್ನು ಹಾಕಿದ ಮೇಲೆ ಎಸ್23 ಕೂಡ ಮೂರು ಡಿಗ್ರಿ ತಣ್ಣಗಾಯಿತು. ಆದರೆ ಪೋರ್ಟು ಇರುವುದು ಕೆಳಗೆ ಮಾತ್ರ, ನಾಲ್ಕು ಬೆರಳಿನ ಹಿಡಿತದಲ್ಲಿ ವೈರು ಬಲಗೈ ಅಂಗೈಗೆ ಚುಚ್ಚುತ್ತದೆ. ಎಲ್ ಆಕಾರದ ಕೇಬಲ್ ತಂದರೂ ಜೈರೋಗಾಗಿ (ಫೋನನ್ನೇ ವಾಲಿಸಿ ಗುರಿ ಹಿಡಿಯಲು) ತಿರುಗಿಸುವಾಗ ಎಳೆದ ಹಾಗಾಗುತ್ತದೆ.

ಎಸ್23ಗೆ ಸಾವಿರದ ಇನ್ನೂರರ ಪೆಲ್ಟಿಯರ್ ಕೂಲರ್ (ಕರೆಂಟಿನಿಂದ ತಟ್ಟೆಯನ್ನೇ ತಣ್ಣಗೆ ಮಾಡುವಂಥದ್ದು) ಕೂಡ ಹಾಕಿ ನೋಡಿದೆ. ಬಳ್ಳಾರಿಯಲ್ಲಿ ಅದ್ಭುತ, ಹಿಂಬದಿ ಮೂವತ್ತಕ್ಕೂ ಕೆಳಗೆ. ಅದನ್ನೇ ಮೇ ಕೊನೆಯಲ್ಲಿ ಮಂಗಳೂರಿಗೆ ಒಯ್ದಿದ್ದೆ. ಅರ್ಧ ಗಂಟೆಗೆ ಕೂಲರ್ ತಟ್ಟೆಯ ಸುತ್ತ ಸಣ್ಣ ಸಣ್ಣ ನೀರಿನ ಹನಿ, ಕ್ಯಾಮೆರಾ ಗಾಜಿನ ಒಳಗೂ ಮಂಜು. ನಮ್ಮ ಕಡೆ ಬೇಸಿಗೆಯ ಗಾಳಿ ಒಣಗಿರುತ್ತದೆ, ತಟ್ಟೆ ತಣ್ಣಗಾದರೂ ಸುಲಭಕ್ಕೆ ಹನಿ ಕಟ್ಟುವುದಿಲ್ಲ. ಕರಾವಳಿಯ ಗಾಳಿಯಲ್ಲಿ ನೀರು ತುಂಬಿರುತ್ತದೆ. ಕರಾವಳಿಯವರು ಈ ಕೂಲರನ್ನು ಫುಲ್ ಇಟ್ಟು ಆಡಬೇಡಿ, ಐಪಿ68 ಇದ್ದರೂ ಬೇಡ.

ಕೂಲರ್‌ಗಿಂತ ನನಗೆ ಇಷ್ಟವಾದದ್ದು ಮನೆಯ ಕಡಪ ಕಲ್ಲು. ಮ್ಯಾಚ್ ಮುಗಿದ ತಕ್ಷಣ ಕವರ್ ತೆಗೆದು ಫೋನನ್ನು ಅಡುಗೆಮನೆಯ ಕಲ್ಲಿನ ಮೇಲೆ ಅಂಗಾತ ಇಟ್ಟರೆ ನಾಲ್ಕೈದು ನಿಮಿಷದಲ್ಲಿ ಏಳೆಂಟು ಡಿಗ್ರಿ ಇಳಿಯುತ್ತದೆ, ಫ್ಯಾನ್ ಕೆಳಗಿಟ್ಟರೆ ಅದಕ್ಕೆ ದುಪ್ಪಟ್ಟು ಹೊತ್ತು ಬೇಕು. ಎಸ್23ರ ಮೂರು ಕ್ಯಾಮೆರಾ ಬಳೆಗಳು ಎದ್ದಿರುವುದರಿಂದ ಅದು ಓರೆಯಾಗಿ ಕೂರುತ್ತದೆ, ಕೆಳ ಅಂಚಷ್ಟೇ ಕಲ್ಲಿಗೆ ತಾಗುತ್ತದೆ. ಆರ್‌ಓಜಿ ಬಹುಪಾಲು ಸಮತಟ್ಟು.

ಲೆಕ್ಕ ಹಾಕಿದರೆ ಹಳೆಯದಕ್ಕೆ ಹೋದದ್ದು ಒಟ್ಟು ಇಪ್ಪತ್ತೈದು, ಇಪ್ಪತ್ತೈದೂವರೆ ಸಾವಿರ. ಹಾಳಾದ ಬ್ಯಾಟರಿ, ಪೇಸ್ಟು, ಪ್ಯಾಡು, ಅಂಟು ಎಲ್ಲ ಸೇರಿ. ಹೊಸದಕ್ಕೆ ನಲವತ್ತು ದಾಟಿದೆ.

ಹಾಗಂತ ಎಲ್ಲರೂ ಹಳೆಯದನ್ನೇ ಹಿಡಿಯಿರಿ ಅನ್ನುತ್ತಿಲ್ಲ. ಗೆನ್ಶಿನ್‌ನಂಥ ಭಾರಿ ಗ್ರಾಫಿಕ್ಸ್ ಆಟ ಆಡುವವರು ಈ ದಾರಿಗೆ ಬರಲೇಬೇಡಿ. ಕಡಿವಾಣ ತೆಗೆದು ಕೂಲರ್ ಹಾಕಿದರೂ ಆರ್‌ಓಜಿ ನಲವತ್ತರ ಮೇಲೆ ಏದುಸಿರು ಬಿಡುತ್ತದೆ, ಎಸ್23 ಐವತ್ತೈದರ ಮೇಲೆ ನಿಲ್ಲುತ್ತದೆ. ಕ್ಯಾಮೆರಾ ಹೋಲಿಸುವ ಮಾತೇ ಬೇಡ. 238 ಗ್ರಾಂ ತೂಕ ಜೇಬಿನಲ್ಲಿ ಜಗ್ಗುತ್ತದೆ, ಎಸ್23 168. ಆರ್‌ಓಜಿಗೆ ಆಂಡ್ರಾಯ್ಡ್ 13ಕ್ಕೇ ಅಪ್‌ಡೇಟ್ ನಿಂತಿದೆ, ಆದ್ದರಿಂದ ಅದರಲ್ಲಿ ಬ್ಯಾಂಕ್ ಆ್ಯಪ್, ಯುಪಿಐ ಯಾವುದೂ ಇಟ್ಟಿಲ್ಲ. ನನ್ನ ನಂಬರು, ದುಡ್ಡು, ಫೋಟೋ ಎಲ್ಲ ಎಸ್23ರಲ್ಲಿ. ಆಟ ಮಾತ್ರ ಹಳೆಯದರಲ್ಲಿ. ಸ್ಕ್ರಿಮ್ಸ್ ಮಧ್ಯೆ ಮನೆಯವರ ಕಾಲ್ ಬಂದು ಆಟ ನಿಲ್ಲುವ ಕಾಟವೂ ತಪ್ಪಿತು.

ಈ ಕಡಿವಾಣದ ಉಪಾಯ ಎಸ್23ಕ್ಕೂ ಸಾಧ್ಯವಾ ಅಂತ ಈಗ ನೋಡುತ್ತಿದ್ದೇನೆ. ಕೋರ್ ಮಿತಿ ಅಲ್ಲಿ ಕೈಗೆ ಸಿಗುವುದಿಲ್ಲ, ಆದರೆ ಗೇಮ್ ಬೂಸ್ಟರ್ ಲ್ಯಾಬ್ಸ್‌ನಲ್ಲಿ 'ಆಲ್ಟರ್ನೇಟ್ ಗೇಮ್ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್' ಅಂತ ಒಂದಿದೆ. ಅದನ್ನು ಆನ್ ಮಾಡಿ, ಡಿಸ್‌ಪ್ಲೇ 60ಕ್ಕೆ ಇಳಿಸಿ, ಪವರ್ ಸೇವಿಂಗ್‌ನ ಸಿಪಿಯು ಮಿತಿಯನ್ನು ಜೊತೆಗೆ ಹಾಕಿದಾಗ ಸ್ಕ್ರೀನ್ ಮಂದವಾಗುವುದು ಮೂರನೇ ಮ್ಯಾಚ್‌ವರೆಗೆ ತಡವಾಯಿತು. ಇನ್ನೊಂದು ಮ್ಯಾಚ್ ತಳ್ಳಬೇಕು. ಯಾರಾದರೂ ಮಾಡಿ ನೋಡಿದ್ದರೆ ರೂಮಿನ ಶಾಖ ಎಷ್ಟಿತ್ತು ಅನ್ನುವುದನ್ನು ಸೇರಿಸಿ ತಿಳಿಸಿ. ಅದಿಲ್ಲದೆ ಬರೀ ಫ್ರೇಮ್ ಹೇಳಿದರೆ ನಮ್ಮ ಊರಿನವರಿಗೆ ಉಪಯೋಗವಿಲ್ಲ.