ರಾತ್ರಿ ಮಳೆ ಎಲ್ಲಿ? ಇನ್ಸಾಟ್ ಚಿತ್ರ ಓದುವ ಬಗೆ

ಕತ್ತಲಾದ ಮೇಲೆ ಬಿಸಿಲಿನ ಬೆಳಕಿನಲ್ಲಿ ತೆಗೆಯುವ ವಿಸಿಬಲ್ ಚಿತ್ರದಿಂದ ಪ್ರಯೋಜನವಿಲ್ಲ. ಭಾರತದ ಹವಾಮಾನ ಉಪಗ್ರಹಗಳಾದ ಇನ್ಸಾಟ್-3ಡಿಆರ್ ಅಥವಾ 3ಡಿಎಸ್‌ನ 10.8 ಮೈಕ್ರಾನ್ (ತರಂಗಾಂತರದ) ಇನ್ಫ್ರಾರೆಡ್, ಅಂದರೆ ಶಾಖ ತೋರಿಸುವ, ಚಿತ್ರ ತೆರೆಯಿರಿ; ತಣ್ಣನೆಯ ಮೋಡ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಸಮಯ ಯುಟಿಸಿಯಲ್ಲಿ (ಜಾಗತಿಕ ಸಮಯ) ಇದ್ದರೆ ಭಾರತದ ಸಮಯಕ್ಕೆ 5 ಗಂಟೆ 30 ನಿಮಿಷ ಕೂಡಿಸಿ.

ಮೋಡದ ನೆತ್ತಿ ಮೈನಸ್ 38 ಡಿಗ್ರಿಗಿಂತ ತಣ್ಣಗಿದ್ದರೆ ಮಳೆ ಇರಬಹುದು, ಅಷ್ಟೇ. ಅರ್ಧ ಗಂಟೆ ಅಂತರದ ಮೂರ್ನಾಲ್ಕು ಚಿತ್ರ ಹೋಲಿಸಿ: ತಣ್ಣನೆಯ ಭಾಗ ಹಿಗ್ಗುತ್ತ ಇನ್ನಷ್ಟು ತಣ್ಣಗಾಗುತ್ತಿದ್ದರೆ ಜೋರು ಮಳೆಯ ಸಂಭವ ಹೆಚ್ಚು.

ತೀರಾ ಎತ್ತರದ ತೆಳು ಸಿರಸ್ ಮೋಡವೂ ತಣ್ಣಗೇ ಕಾಣುತ್ತದೆ, ಹನಿ ಬೀಳಿಸುವುದಿಲ್ಲ. 12 ಮೈಕ್ರಾನ್ ಚಿತ್ರದಿಂದ ಅದನ್ನು ಬೇರ್ಪಡಿಸಬಹುದು; 10.8 ಮತ್ತು 12 ಮೈಕ್ರಾನ್ ಚಿತ್ರಗಳ ತಾಪ ವ್ಯತ್ಯಾಸ ದಪ್ಪ ಮೋಡದಲ್ಲಿ ಸೊನ್ನೆಯ ಆಸುಪಾಸು, ತೆಳುವಿನಲ್ಲಿ ಹಲವು ಡಿಗ್ರಿ.

ನಿಜವಾದ ಮೋಸ ಪಶ್ಚಿಮ ಘಟ್ಟದಲ್ಲಿ. ಮುಂಗಾರಿನಲ್ಲಿ ಆಗುಂಬೆ ಕಡೆ ಗಾಳಿ ಬೆಟ್ಟ ಹತ್ತಿ ಕಟ್ಟುವ ಮೋಡ ತಗ್ಗಿನದು, ನೆತ್ತಿ ಬೆಚ್ಚಗಿರುತ್ತದೆ. ಧಾರಾಕಾರ ಸುರಿದರೂ ಚಿತ್ರದಲ್ಲಿ ಬರೀ ಬೂದು. ಅಲ್ಲಿ ಮಳೆಮಾಪಕದ ಅಂಕಿಯನ್ನೇ ನಂಬಿ.