ಸೆಸ್ನಾ 172: ಏರ್‌ಸ್ಪೀಡ್ ಮುಳ್ಳನ್ನೂ ಸ್ಟಾಲ್ ಹಾರ್ನನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ

ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಫ್ಲೈಯಿಂಗ್ ಕಲಿಯುತ್ತಿರುವ ಕನ್ನಡಿಗರು ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ. ವೇಗ ತೋರಿಸುವ ಮುಳ್ಳಿಗೆ ಗಾಳಿ ಬರುವುದು ಎದುರುಗಾಳಿಗೆ ಬಾಯ್ದೆರೆದ ಪಿಟೋ ಕೊಳವೆ ಮತ್ತು ಸುತ್ತಲ ಗಾಳಿಯ ಒತ್ತಡ ಹಿಡಿಯುವ ಸ್ಟ್ಯಾಟಿಕ್ ತೂತಿನಿಂದ. ಸ್ಟಾಲ್ ಅಂದರೆ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ಎತ್ತುವ ಬಲ ಕುಸಿಯುವುದು; ಅದರ ಎಚ್ಚರಿಕೆಯ ಸ್ಟಾಲ್ ಹಾರ್ನ್ ಕೂಗುವುದು ಎಡರೆಕ್ಕೆಯ ಮುಂಚೂಣಿಯಲ್ಲಿರುವ ಬೇರೆಯೇ ತೂತಿನಿಂದ. ಒಂದು ಸರಿಯಿದೆ ಎಂದರೆ ಇನ್ನೊಂದೂ ಸರಿ ಎಂದಲ್ಲ.

ವಿಮಾನ ಹೊರಗೆ ನಿಲ್ಲಿಸಿದ್ದರೆ ಪಿಟೋ ಕವರ್ ಹಾಕಲೇಬೇಕು. ಧೂಳಿಗಿಂತ ಮಣ್ಣಿನ ಗೂಡು ಕಟ್ಟುವ ಕಡಜದ ಕಾಟ ದೊಡ್ಡದು. ಕವರ್ ತೆಗೆದ ಮೇಲೆ ಬಗ್ಗಿ ಕೊಳವೆಯೊಳಗೆ ನೋಡಿ. ಏನಾದರೂ ಕಂಡರೆ ಬಾಯಿಂದ ಊದಬೇಡಿ, ಪಿನ್ ತೂರಿಸಬೇಡಿ. ಮೀಟರಿನೊಳಗಿನ ತೆಳು ಡಬ್ಬಿ ಹಾಳಾಗುತ್ತದೆ. ಅದು ಇಂಜಿನಿಯರ್ ಕೆಲಸ. ಪಿಟೋ ಹೀಟ್ ಹಾಕಿ 30 ಸೆಕೆಂಡಿನೊಳಗೆ ಬಿಸಿಯಾಯಿತೇ ಎಂದು ಹುಷಾರಾಗಿ ಮುಟ್ಟಿ ನೋಡಿ. ಸ್ಟ್ಯಾಟಿಕ್ ತೂತಿನ ಮೇಲೆ ತೊಳೆದಾಗ ಅಂಟಿಸಿದ ಟೇಪು, ಪಾಲಿಶ್ ಉಳಿದಿರಬಾರದು. ಹಾರ್ನಿನ ತೂತಿಗೆ ಶುಭ್ರ ಕರವಸ್ತ್ರ ಇಟ್ಟು ಬಾಯಿಂದ ಗಾಳಿ ಎಳೆಯಿರಿ. ಪೀಪಿ ಕೇಳಬೇಕು. ನೋಡಿದವರು ನಗಲಿ ಬಿಡಿ.

ಟೇಕಾಫ್ ಓಟದಲ್ಲಿ ಮುಳ್ಳು ಏಳದಿದ್ದರೆ ಥ್ರಾಟಲ್ ಮುಚ್ಚಿ, ನಿಲ್ಲಿಸಿ.

ಪಿಟೋದ ಮುಂದಿನ ತೂತು ಮಾತ್ರ ಮುಚ್ಚಿದರೆ ಮುಳ್ಳು ಸೊನ್ನೆಗೆ ಬೀಳುತ್ತದೆ, ಕೂಡಲೇ ಗೊತ್ತಾಗುತ್ತದೆ. ನೀರಿಳಿಯುವ ತೂತೂ ಮುಚ್ಚಿದರೆ ಅಪಾಯ: ಒಳಗಿನ ಒತ್ತಡ ಅಲ್ಲೇ ಸಿಕ್ಕಿಕೊಂಡು, ಮೇಲೇರಿದಷ್ಟೂ ಮುಳ್ಳು ಹೆಚ್ಚು ವೇಗ ತೋರಿಸುತ್ತದೆ. ಅದನ್ನು ನಂಬಿ ಮೂಗು ಎತ್ತಿದರೆ ನಿಜವಾದ ವೇಗ ಕರಗಿ ಸ್ಟಾಲ್ ಆಗುತ್ತದೆ. ಆಗ ಹಾರ್ನ್ ಕೂಗಿದರೆ ಹಾರ್ನನ್ನೇ ನಂಬಿ, ಮೂಗು ಇಳಿಸಿ. ಅದು ನೋಡುವುದು ರೆಕ್ಕೆಗೆ ಗಾಳಿ ತಗಲುವ ಕೋನವನ್ನು. 172ಎಸ್‌ನಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯ ಇಳಿಸುವ ಪಟ್ಟಿ) ಇಳಿಸದೆ ನೇರ ಹಾರುವಾಗ ಸ್ಟಾಲ್ 48 ನಾಟ್. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗುವಾಗ ಸುಮಾರು 68. ಮೀಟರಿನಲ್ಲಿ ಸಾಮಾನ್ಯ ವೇಗದ ಮಿತಿ ತೋರಿಸುವ ಹಸಿರು ಪಟ್ಟಿಗೆ ಇದು ತಿಳಿಯದು, ಹಾರ್ನಿಗೆ ತಿಳಿಯುತ್ತದೆ.

ಹಾಗೆಂದು ಹಾರ್ನ್ ಸುಮ್ಮನಾಯಿತೆಂದು ನಿಶ್ಚಿಂತರಾಗಬೇಡಿ. 2009ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ ಪಿಟೋಗಳಿಗೆ ಹಿಮಕಣ ತುಂಬಿತ್ತು. ಆ ಏರ್‌ಬಸ್‌ನಲ್ಲಿ ಅಳೆದ ವೇಗ 60 ನಾಟ್‌ಗಿಂತ ಕೆಳಗಿಳಿದಾಗ, ವಿಮಾನ ಸ್ಟಾಲ್‌ನಲ್ಲೇ ಇದ್ದರೂ ಎಚ್ಚರಿಕೆ ನಿಂತುಹೋಗುತ್ತಿತ್ತು.

ಮುಳ್ಳಿನ ಮೇಲೆ ಅನುಮಾನ ಬಂದರೆ ರೆಕ್ಕೆ ಮಟ್ಟ ಮಾಡಿ, ಗೊತ್ತಿರುವ ಆರ್‌ಪಿಎಂ ಮತ್ತು ಮೂಗಿನ ಮಟ್ಟ ಇಟ್ಟುಕೊಳ್ಳಿ. ಏರಿಳಿದರೂ ಎತ್ತರ ತೋರಿಸುವ ಆಲ್ಟಿಮೀಟರೂ ಅಲುಗದಿದ್ದರೆ ಸ್ಟ್ಯಾಟಿಕ್ ತೂತು ಮುಚ್ಚಿರಬಹುದು; ಅದರ ಬದಲು ಒಳಗಿನ ಗಾಳಿ ಕೊಡುವ ಆಲ್ಟರ್ನೇಟ್ ಸ್ಟ್ಯಾಟಿಕ್ ಗುಬ್ಬಿ ಎಳೆಯಿರಿ. ಏರುವಾಗ, ಮಟ್ಟ ಹಾರುವಾಗ, ಇಳಿಯುವಾಗ ಎಷ್ಟು ಆರ್‌ಪಿಎಂಗೆ ಎಷ್ಟು ವೇಗ ಎಂಬುದನ್ನು ಎಲ್ಲ ಸರಿಯಿರುವ ದಿನವೇ ಬರೆದು ತೊಡೆಗೆ ಕಟ್ಟಿಕೊಳ್ಳುವ ನೀಬೋರ್ಡಿಗೆ ಸಿಕ್ಕಿಸಿಕೊಂಡಿರಿ.